ಮುಂಬಾಗಿಲಿಗೆ ಏನು ಹಚ್ಚಿಸೋಣ? ಪಿಯು, ವಾರ್ನಿಷ್, ಅಗಸಿ ಎಣ್ಣೆ, ಆಯಿಲ್ ಪೇಂಟ್: ನಮ್ಮ ಭಾಗದ ಬಿಸಿಲು ಮಳೆಗೆ ತಕ್ಕ ಆಯ್ಕೆ

ಮನೆ ಕಟ್ಟುವಾಗ ಮುಂಬಾಗಿಲಿನ ಕಟ್ಟಿಗೆಗೆ ಹುಬ್ಬಳ್ಳಿ-ಧಾರವಾಡದ ಮಂದಿ ಕೈ ಹಿಡಿಯುವುದಿಲ್ಲ. ದಾಂಡೇಲಿ ಸಾಗವಾನಿಯೇ ಆಗಬೇಕು ಎಂದು ಅಡ್ಡಾದಿಂದ ಅಡ್ಡಾಕ್ಕೆ ಅಲೆಯುತ್ತಾರೆ, ಬಡಿಗೇರರ ಜೊತೆ ನಿಂತು ಎಳೆ ನೋಡಿ ಹಲಗೆ ಆರಿಸುತ್ತಾರೆ. ಅದಕ್ಕೆ ಏನು ಹಚ್ಚಬೇಕು ಎಂಬ ಪ್ರಶ್ನೆ ಮಾತ್ರ ಗೃಹಪ್ರವೇಶಕ್ಕೆ ಒಂದು ವಾರ ಉಳಿದಾಗ ಏಳುತ್ತದೆ. ಆಗ ಉತ್ತರ ಹೇಳುವವರು ಪಾಲಿಶ್‌ದವರು: “ಪಿಯು ಮಾಡಸ್ರಿ ಸರ, ಹತ್ತ ವರ್ಷ ಹೊಳ್ಳಿ ನೋಡೂದ ಬ್ಯಾಡ.” ಪಿಯು ಎಂದರೆ ಪಾಲಿಯುರಿಥೇನ್, ಕಟ್ಟಿಗೆಯ ಮೇಲೆ ಗಟ್ಟಿ ಪದರವಾಗುವ ಪಾಲಿಶ್. ಒಳಗಿನ ಕಪಾಟಿಗೆ ಈ ಮಾತು ನಡೆಯುತ್ತದೆ. ಪಡುವಣ ಬಿಸಿಲಿಗೆ ಮುಖ ಕೊಟ್ಟು ನಿಂತ ಬಾಗಿಲಿಗೆ ನಡೆಯುವುದಿಲ್ಲ.

ಹೊರಗಿನ ಕಟ್ಟಿಗೆಗೆ ಹಚ್ಚಿದ್ದು ಯಾವುದೇ ಇರಲಿ, ಒಂದು ದಿನ ಕೆಡುತ್ತದೆ. ಕೆಟ್ಟಾಗ ಹೇಗೆ ಕೆಡುತ್ತದೆ, ಅದನ್ನು ಸರಿ ಮಾಡಲು ಎಷ್ಟು ಕೆಲಸ ಎಂಬುದರ ಮೇಲೆ ನಾನು ಆರಿಸುತ್ತೇನೆ. ಮೊದಲ ದಿನದ ಹೊಳಪು ನೋಡಿದರೆ ಎಲ್ಲವೂ ಚೆಂದವೇ.

ಬಾಗಿಲ ಮುಖ ಯಾವ ಕಡೆ?

ವಾಸ್ತು ನೋಡಿ ಕಟ್ಟಿದ ಮನೆಗಳಲ್ಲಿ ಪೂರ್ವದ, ಇಲ್ಲವೆ ಉತ್ತರದ ಬಾಗಿಲೇ ಹೆಚ್ಚು. ಕಟ್ಟಿಗೆಯ ಮಟ್ಟಿಗೂ ಇವೆರಡು ಒಳ್ಳೆಯ ದಿಕ್ಕುಗಳೇ. ಪೂರ್ವದ ಬಾಗಿಲಿಗೆ ಬೀಳುವ ಬಿಸಿಲು ಹೊತ್ತೇರಿದಂತೆ ಛಜ್ಜಾದ ನೆರಳಿಗೆ ಸರಿಯುತ್ತದೆ. ಉತ್ತರದ ಬಾಗಿಲಿಗೆ ವರ್ಷದ ಬಹುಕಾಲ ನೇರ ಬಿಸಿಲೇ ಇಲ್ಲ. ನಾವು 15 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಇರುವುದರಿಂದ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೆ ವಾಲಿರುತ್ತಾನೆ ನಿಜ. ಆದರೆ ಅದನ್ನು ತಡೆಯಲು ಸಣ್ಣ ಛಜ್ಜಾ ಸಾಕು, ಮೇಲಾಗಿ ಅದರಲ್ಲಿ ಅರ್ಧ ಕಾಲ ಮೋಡವೇ. ದಕ್ಷಿಣದ ಬಾಗಿಲು ಚಳಿಗಾಲದಲ್ಲಿ ದಿನವಿಡೀ ಬಿಸಿಲು ಕಾಯುತ್ತದೆ.

ಕಷ್ಟ ಇರುವುದು ಪಶ್ಚಿಮದ ಬಾಗಿಲಿಗೆ. ಏಪ್ರಿಲ್ ತಿಂಗಳ ಸಂಜೆ 5 ಗಂಟೆಗೆ ಧಾರವಾಡದಲ್ಲಿ ಸೂರ್ಯ ದಿಗಂತದಿಂದ ಸುಮಾರು 24 ಡಿಗ್ರಿ ಎತ್ತರದಲ್ಲಿರುತ್ತಾನೆ. ಬಾಗಿಲ ಮೇಲೆ 3 ಅಡಿ ಚಾಚಿದ ಛಜ್ಜಾ ಇದೆ ಎಂದುಕೊಳ್ಳಿ. ಆ ಹೊತ್ತಿಗೆ ಅದರ ನೆರಳು ಕೆಳಗಿಳಿಯುವುದು ಒಂದೂವರೆ ಅಡಿಗಿಂತ ಕಡಿಮೆ. ಉಳಿದ ಬಾಗಿಲೆಲ್ಲ ಬಿಸಿಲಲ್ಲೇ. ಸಾಲದ್ದಕ್ಕೆ ಮುಂಗಾರಿನ ಗಾಳಿ ಬೀಸುವುದೂ ಪಶ್ಚಿಮ-ನೈರುತ್ಯದಿಂದ. ಬೇಸಿಗೆಯ ಬಿಸಿಲು ಸುಟ್ಟ ಮೈಯ ಮೇಲೆಯೇ ಜುಲೈ ತಿಂಗಳ ಇರಚಲು ಹೊಡೆಯುತ್ತದೆ.

ಊರಿನಿಂದ ಊರಿಗೂ ಫರಕು ಇದೆ. ಧಾರವಾಡ ಮಲೆನಾಡಿನ ಅಂಚು. ಅಲ್ಲಿ ಆಷಾಢ-ಶ್ರಾವಣದ ಜಿಟಿಜಿಟಿ ಮಳೆ ಹಿಡಿದರೆ ಬಾಗಿಲು ದಿನಗಟ್ಟಲೆ ಒಣಗುವುದೇ ಇಲ್ಲ, ಬೂಷ್ಟು ಹಿಡಿಯುವ ಭಯ ಹೆಚ್ಚು. ಹಾನಗಲ್ಲ ಕಡೆಯದೂ ಅದೇ ಹವೆ. ಗದಗ, ರಾಣೆಬೆನ್ನೂರಿನ ಕಡೆ ಮಳೆ ಕಡಿಮೆ. ಬಿಸಿಲು, ಗಾಳಿ, ಧೂಳು ಜಾಸ್ತಿ. ಅಲ್ಲಿ ಕಟ್ಟಿಗೆ ಒಣಗಿ ಸೀಳುವುದೇ ಮುಖ್ಯ ತೊಂದರೆ.

ನಿಮ್ಮ ಬಾಗಿಲಿನ ಸ್ಥಿತಿ ತಿಳಿಯಲು ಎರಡು ಸಲ ನೋಡಿದರೆ ಸಾಕು. ಗಾಳಿ ಸಮೇತ ಮಳೆ ಬಂದು ನಿಂತ ಕೂಡಲೇ ಹೊರಗೆ ಹೋಗಿ ಬಾಗಿಲು ಕೆಳಗಿನಿಂದ ಎಷ್ಟು ಎತ್ತರದವರೆಗೆ ಒದ್ದೆಯಾಗಿದೆ ನೋಡಿ. ಬೇಸಿಗೆಯ ಬಿಸಿಲು ಜೋರಾಗಿರುವ ಹೊತ್ತಿನಲ್ಲಿ ಹೊರಮೈಗೆ ಅಂಗೈ ಇಟ್ಟು ನೋಡಿ. ಒದ್ದೆಯಾಗುವುದಿಲ್ಲ, ಅಂಗೈಗೆ ಸುಡುವುದೂ ಇಲ್ಲ ಎಂದರೆ, ಅಂದರೆ ಮುಂದೆ ಕಟ್ಟೆ, ಪಡಸಾಲೆ, ಗ್ರಿಲ್ ಹಾಕಿದ ವರಾಂಡ ಏನಾದರೂ ಇದ್ದರೆ, ಮುಂದೆ ಹೇಳುವ ಯಾವುದನ್ನು ಹಚ್ಚಿದರೂ ಬಾಳಿಕೆ ಬರುತ್ತದೆ. ನಿಮ್ಮ ರುಚಿ, ನಿಮ್ಮ ರೊಕ್ಕ. ಎರಡೂ ಆಗುತ್ತದೆ ಎಂದಾದರೆ ಆಯ್ಕೆ ಕಿರಿದಾಗುತ್ತದೆ.

ಕೆಡುವ ಬಗೆ

ಕಟ್ಟಿಗೆಗೆ ಹಚ್ಚುವುದರಲ್ಲಿ ಎರಡು ಜಾತಿ. ಮೇಲೆ ಕುಳಿತು ಗಟ್ಟಿ ಪದರವಾಗುವುದು ಒಂದು: ಪಿಯು, ಮೆಲಮಿನ್, ವಾರ್ನಿಷ್, ಆಯಿಲ್ ಪೇಂಟ್. ಒಳಗೆ ಇಳಿದು ಎಳೆಗಳ ನಡುವೆ ಉಳಿಯುವುದು ಇನ್ನೊಂದು: ಅಗಸಿ ಎಣ್ಣೆ, ಟಂಗ್ ಮರದ ಬೀಜದ ಎಣ್ಣೆ, ಹೊರಗಿನ ಕಟ್ಟಿಗೆಗೆಂದೇ ಬರುವ ಬಣ್ಣದ ಸ್ಟೇನ್.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕಟ್ಟಿಗೆಯ ಲಿಗ್ನಿನ್ ಅನ್ನು ಒಡೆಯುತ್ತದೆ. ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಅದೇ. ಏನೂ ಹಚ್ಚದ ಬಾಗಿಲಿನಲ್ಲಿ ಒಡೆದ ಲಿಗ್ನಿನ್ ಮಳೆಯಲ್ಲಿ ತೊಳೆದುಹೋಗಿ ಬೂದು ಬಣ್ಣದ ನಾರು ಉಳಿಯುತ್ತದೆ. ಹಳೆಯ ಚಕ್ಕಡಿಯ ಕಟ್ಟಿಗೆ ಬೂದಿಯಾಗಿ ಕಾಣುವುದು ಇದರಿಂದಲೇ. ಪಾರದರ್ಶಕ ಪದರ ಹಚ್ಚಿದಿರಿ ಎಂದುಕೊಳ್ಳಿ. ಎಳೆ ನಿಮ್ಮ ಕಣ್ಣಿಗೆ ಕಾಣುತ್ತದೆ ಎಂದರೆ ಬೆಳಕು ಒಳಗೆ ಹೋಗುತ್ತಿದೆ ಎಂದೇ. ಆ ಕಿರಣವನ್ನು ಹೀರುವ ರಾಸಾಯನಿಕ ಸೇರಿಸಿದ ವಾರ್ನಿಷ್ ಸಿಗುತ್ತದೆ. ಅದು ಕೆಡುವುದನ್ನು ಮುಂದೂಡುತ್ತದೆ, ನಿಲ್ಲಿಸುವುದಿಲ್ಲ. ಪದರ ಮೇಲೆ ಗಟ್ಟಿಯಾಗಿಯೇ ಇರುತ್ತದೆ, ಅದರ ಕೆಳಗಿನ ಕಟ್ಟಿಗೆಯ ಮೇಲ್ಮೈ ಹಿಟ್ಟಾಗಿ ಹಿಡಿತ ಬಿಡುತ್ತದೆ. ಒಂದು ಸೀಳಿನಿಂದ ನೀರು ಒಳಹೊಕ್ಕಿತೆಂದರೆ ಪದರ ಉಳ್ಳಾಗಡ್ಡಿ ಸಿಪ್ಪೆಯಂತೆ ಏಳುತ್ತದೆ. ಹೀಗೆ ಎದ್ದ ಬಾಗಿಲಿಗೆ ಮೇಲಿಂದ ಇನ್ನೊಂದು ಕೋಟ್ ಹೊಡೆದು ಉಪಯೋಗವಿಲ್ಲ. ಬಾಗಿಲು ಬಿಚ್ಚಿ, ಪೂರ್ತಿ ಕೆರೆದು, ಹೊಸ ಕಟ್ಟಿಗೆ ಕಾಣುವವರೆಗೆ ತಿಕ್ಕಿ, ಮೊದಲಿನಿಂದ ಶುರು ಮಾಡಬೇಕು.

ಒಳಗಿಳಿದದ್ದು ಹೀಗೆ ಸಿಪ್ಪೆ ಏಳುವುದಿಲ್ಲ, ಏಳಲು ಪದರವೇ ಇಲ್ಲವಲ್ಲ. ಮಂಕಾಗುತ್ತದೆ, ಒಣಗುತ್ತದೆ. ತೊಳೆದು, ಒಣಗಿಸಿ, ಹಗುರಾಗಿ ಉಜ್ಜಿ ಮತ್ತೆ ಹಚ್ಚಿದರೆ ಆಯಿತು; ಮನೆಯವರೇ ಒಂದು ರವಿವಾರ ಮಾಡಿಕೊಳ್ಳಬಹುದು. ಪದೇಪದೇ ಹಚ್ಚಬೇಕಾಗುವುದು ಅದರ ಬೆಲೆ.

ಪಾಲಿಶ್ ಎಂದು ಕೇಳಿದರೆ ಸಿಗುವ ಮೂರು

ಇವನ್ನು ಬೇಗ ಮುಗಿಸುತ್ತೇನೆ, ಬಿಸಿಲು ಮಳೆ ತಾಗುವ ಹೊರಬಾಗಿಲಿಗೆ ಮೂರೂ ಸಲ್ಲ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್, ದೇವರ ಮನೆಯ ಮಂಟಪಕ್ಕೆ, ಹಳೆಯ ಕುರ್ಚಿಗೆ ಇದಕ್ಕಿಂತ ಚೆಂದದ್ದು ಇಲ್ಲ. ನೀರು ಬಿದ್ದರೆ ಬೆಳ್ಳಗೆ ಕಲೆ ಏಳುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಬೇಗ ಒಣಗುತ್ತದೆ, ಅದಕ್ಕೇ ಕೆಲಸದವರಿಗೆ ಇಷ್ಟ. ಬಿಸಿಲಿನಲ್ಲಿ ಹಳದಿಯಾಗಿ ಬಿರಿಯುತ್ತದೆ. ಮೆಲಮಿನ್ ಗಟ್ಟಿ, ಆದರೆ ಬಾಗದ ಗಟ್ಟಿ. ಕಟ್ಟಿಗೆ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವಾಗ ಅದು ಜೊತೆಗೆ ಬಾಗುವುದಿಲ್ಲ, ಒಡೆಯುತ್ತದೆ. ಬಾಗಿಲಿನ ಒಳಮೈಗೆ ಮೆಲಮಿನ್ ಮಾಡಿಸುವುದಾದರೆ ಮಾಡಿಸಿ, ಹೊರಮೈಗೆ ಬೇಡ.

ಪಿಯು: ಯಾವಾಗ ಹೌದು, ಯಾವಾಗ ಬೇಡ

ಎರಡು ಡಬ್ಬಿ ಕಲಸಿ, ಕಂಪ್ರೆಸರ್ ಹಚ್ಚಿ ಗನ್‌ನಿಂದ ಹೊಡೆಯುವ ಪಿಯು ಪಾರದರ್ಶಕ ಪದರಗಳಲ್ಲಿ ಬಲವಾದದ್ದು. ಗೀರು ಬೇಗ ಬೀಳುವುದಿಲ್ಲ, ನೀರು ಹೀರುವುದಿಲ್ಲ, ಒರೆಸಿದರೆ ಸ್ವಚ್ಛ. ಆದರೆ ಪಿಯು ಎಂಬುದು ಒಂದೇ ವಸ್ತುವಲ್ಲ. ಆರೊಮ್ಯಾಟಿಕ್ ಎಂಬ ಜಾತಿ ಅಗ್ಗ, ಬಿಸಿಲಿಗೆ ಹಳದಿಯಾಗುತ್ತದೆ, ಒಳಗಿನ ಕೆಲಸಕ್ಕೆ ಇರುವಂಥದು. ಅಲಿಫ್ಯಾಟಿಕ್ ಎಂಬುದು ಬಿಸಿಲು ತಡೆಯುತ್ತದೆ, ತುಟ್ಟಿ. ಪಾಲಿಶ್‌ದವರು “ಪಿಯು ರೇಟ್ ಇಷ್ಟು” ಎಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದು ಎಕ್ಸ್‌ಟೀರಿಯರ್ ಗ್ರೇಡೋ, ಇಂಟೀರಿಯರ್ರೋ? ಕಪಾಟುಗಳಿಗೆ ತಂದ ಡಬ್ಬಿಯಲ್ಲೇ ಮುಂಬಾಗಿಲನ್ನೂ ಮುಗಿಸಿಬಿಡುವುದು ಎಲ್ಲ ಕಡೆ ನಡೆಯುತ್ತದೆ. ಸೀಲ್ ಒಡೆಯುವ ಮುಂಚೆ ಡಬ್ಬಿ ನೋಡಿ. ಪಿಯುಗೂ ಮುಂಚೆ ಕಟ್ಟಿಗೆಗೆ ಹಚ್ಚುವ ಸೀಲರ್ ಕೂಡ ಅದೇ ಗ್ರೇಡಿನದಿರಬೇಕು. ಮೇಲೆ ದುಬಾರಿ ಪಿಯು, ಕೆಳಗೆ ಎನ್‌ಸಿ ಸೀಲರ್ ಎಂದರೆ ಕೆಳಗಿನದು ಮೊದಲು ಕೈಕೊಡುತ್ತದೆ.

ಸಾಗವಾನಿಯದು ಇನ್ನೊಂದು ತಕರಾರು. ಅದರ ಮೈಯಲ್ಲೇ ಎಣ್ಣೆ ಇದೆ. ಒರಲಿ ಹುಳ ಅದನ್ನು ಸುಲಭಕ್ಕೆ ಮುಟ್ಟದಿರಲು ಅದೂ ಒಂದು ಕಾರಣ, ಆದರೆ ಅದೇ ಎಣ್ಣೆ ಪದರ ಹಿಡಿಯಲು ಅಡ್ಡಿ. ಕೊನೆಯ ಸಲ ತಿಕ್ಕಿದ ಮೇಲೆ ಥಿನ್ನರ್‌ನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ, ಒಳಗಿನ ಎಣ್ಣೆ ಮತ್ತೆ ಮೇಲೆ ಬರುವ ಮುಂಚೆ, ಮೊದಲ ಕೋಟ್ ಬೀಳಬೇಕು. ಬೆಳಿಗ್ಗೆ ಒರೆಸಿ ಊಟ ಮುಗಿಸಿ ಸಂಜೆ ಹೊಡೆದರೆ ಒರೆಸಿದ್ದು ದಂಡ.

ನನ್ನ ಲೆಕ್ಕ ಇಷ್ಟು: ಪಡಸಾಲೆಯೊಳಗಿನ ಬಾಗಿಲಿಗೆ, ಅಪಾರ್ಟ್‌ಮೆಂಟಿನ ಕಾರಿಡಾರಿಗೆ ತೆರೆಯುವ ಬಾಗಿಲಿಗೆ, ಆಳವಾದ ಛಜ್ಜಾದ ಉತ್ತರ-ಪೂರ್ವದ ಬಾಗಿಲಿಗೆ ಪಿಯು ಸರಿ. ಬಯಲಿಗೆ ನಿಂತ ಪಶ್ಚಿಮದ ಬಾಗಿಲಿಗೆ ಎಷ್ಟೇ ತುಟ್ಟಿಯ ಪಿಯು ಇರಲಿ, ನಾನು ಬೇಡ ಅನ್ನುತ್ತೇನೆ. ಹೊಳೆಯುವ ಪಿಯುಗಿಂತ ಮ್ಯಾಟ್ ಅಥವಾ ಸ್ಯಾಟಿನ್ ಲೇಸು. ಗದಗಿನ ಧೂಳಿನಲ್ಲಿ ಹೊಳಪಿನ ಬಾಗಿಲ ಮೇಲೆ ಮಕ್ಕಳ ಕೈಬೆರಳೂ ಎಣಿಸಲು ಬರುತ್ತದೆ.

ವಾರ್ನಿಷ್

ಕೋಪಾಲ್ ವಾರ್ನಿಷ್ ಹಾರ್ಡ್‌ವೇರ್ ಅಂಗಡಿಯ ಹಳೆಯ ಸರಕು. ಈಗ ಅದರ ಜಾಗಕ್ಕೆ ಒಂದೇ ಡಬ್ಬಿಯ ಪಾಲಿಯುರಿಥೇನ್ ವಾರ್ನಿಷ್ ಬಂದಿದೆ. ನಮ್ಮ ಕಡೆ “ಟಚ್‌ವುಡ್ ಹಚ್ಚಿಸೀವಿ” ಎಂದರೆ ಯಾವ ಕಂಪನಿಯದಾದರೂ ಇದೇ. ಬ್ರಷ್‌ನಲ್ಲಿ ಹಚ್ಚಬಹುದು, ಗನ್ ಬೇಡ, ಎರಡು ಡಬ್ಬಿ ಕಲಸುವ ಗಡಿಬಿಡಿ ಇಲ್ಲ. ಎರಡು ಡಬ್ಬಿಯ ಪಿಯುವಿನಷ್ಟು ಗಟ್ಟಿ ಅಲ್ಲ. ಆದರೆ ಮೆಲಮಿನ್‌ಗಿಂತ ಬಾಗುತ್ತದೆ, ಹೊರಗೆ ಇದೇ ಅದರ ಗುಣ. ಹಡಗಿನ ಕಟ್ಟಿಗೆಗೆಂದು ಹುಟ್ಟಿದ ಮರೀನ್ ವಾರ್ನಿಷ್‌ನಲ್ಲಿ ಎಣ್ಣೆಯ ಪಾಲು ಹೆಚ್ಚು, ಇನ್ನೂ ಚೆನ್ನಾಗಿ ಬಾಗುತ್ತದೆ.

ವಾರ್ನಿಷ್ ಬಾಳುವುದು ಕೆಡುವ ಮುಂಚೆಯೇ ಕೈ ಹಚ್ಚಿದರೆ. ಹೊಳಪು ಇಳಿಯಿತು, ಇನ್ನೂ ಎಲ್ಲೂ ಎದ್ದಿಲ್ಲ ಎನ್ನುವ ಹಂತದಲ್ಲಿ 320 ನಂಬರಿನ ಉಜ್ಜುಕಾಗದದಿಂದ ಹಗುರಾಗಿ ತಿಕ್ಕಿ ಒಂದು ಕೋಟ್ ಎಳೆದರೆ ಮತ್ತೆ ಒಂದೆರಡು ವರ್ಷ ನಿಶ್ಚಿಂತೆ. ಈ ಕೆಲಸ ತಪ್ಪದೆ ಮಾಡಿಸುವ ಮನೆಯವರಾದರೆ ವಾರ್ನಿಷ್ ಪಿಯುಗಿಂತ ಅಗ್ಗದ, ಜಾಣ ಆಯ್ಕೆ. ಸಿಪ್ಪೆ ಎದ್ದ ಮೇಲೆಯೇ ಪೇಂಟರ್‌ಗೆ ಫೋನ್ ಮಾಡುವವರಾದರೆ ಮುಂದಿನದನ್ನು ಓದಿ.

ಎಣ್ಣೆ, ಅದರಲ್ಲೂ ಅಗಸಿ

ಹಬ್ಬದ ಹಿಂದಿನ ದಿನ ಅಡುಗೆಮನೆಯ ಎಣ್ಣೆಯನ್ನೇ ಬಟ್ಟೆಗೆ ಹಚ್ಚಿ ಬಾಗಿಲು ಒರೆಸುವ ರೂಢಿ ಅನೇಕ ಮನೆಗಳಲ್ಲಿದೆ. ಆ ದಿನಕ್ಕೆ ಬಾಗಿಲು ಮಿರಿಮಿರಿ ಅನ್ನುತ್ತದೆ, ಎಂಟು ದಿನಕ್ಕೆ ಧೂಳು ಅಂಟಿ ಕರಿ ಜಿಡ್ಡು. ಎಲ್ಲ ಎಣ್ಣೆಯೂ ಒಣಗುವುದಿಲ್ಲ, ಅದಕ್ಕೆ ಹೀಗೆ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವ ಗುಣವನ್ನು ಅಯೋಡಿನ್ ಮೌಲ್ಯದಿಂದ ಅಂದಾಜು ಮಾಡುತ್ತಾರೆ. ಸುಮಾರು 130ಕ್ಕಿಂತ ಮೇಲಿದ್ದರೆ ಒಣಗುವ ಎಣ್ಣೆ. ಕೊಬ್ಬರಿ ಎಣ್ಣೆಯದು ಹತ್ತರ ಆಸುಪಾಸು, ಶೇಂಗಾ ಎಣ್ಣೆಯದು 85ರಿಂದ 105, ಕುಸುಬಿಯದು 140ರ ಹತ್ತಿರ, ಅಗಸಿಯದು 170ಕ್ಕಿಂತ ಮೇಲೆ. ಹೀಗಾಗಿ ಶೇಂಗಾ ಎಣ್ಣೆ ಬಾಗಿಲಿಗೆ ದಂಡ, ಕುಸುಬಿ ಎಣ್ಣೆ ನಿಧಾನಕ್ಕೆ ಒಣಗುತ್ತದೆ, ಅಗಸಿ ಎಣ್ಣೆ ನಿಜವಾಗಿ ಗಟ್ಟಿಯಾಗುತ್ತದೆ. ನಾವು ಚಟ್ನಿ ಪುಡಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿಯೇ ಜಗತ್ತಿನ ಆಯಿಲ್ ಪೇಂಟುಗಳಿಗೆ ನೂರಾರು ವರ್ಷ ಆಧಾರವಾಗಿದ್ದದ್ದು.

ಗಾಣದಿಂದ ತಂದ ಹಸಿ ಅಗಸಿ ಎಣ್ಣೆ ಒಣಗಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು. ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಅಗಸಿ ಎಣ್ಣೆಗೆ ಒಣಗಿಸುವ ಲೋಹದ ಲವಣ ಸೇರಿಸಿರುತ್ತಾರೆ, ಒಂದೆರಡು ದಿನದಲ್ಲಿ ಒಣಗುತ್ತದೆ. ಅದಕ್ಕೇ ಅದನ್ನು ಅಡುಗೆಯ ಹತ್ತಿರ ತರಬಾರದು. ಹಚ್ಚುವ ಕ್ರಮ ಸರಳ. 180ರ ಕಾಗದದವರೆಗೆ ತಿಕ್ಕಿ, ಮೊದಲ ಕೋಟಿಗೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮಾಡಿ ಹಚ್ಚಿ, ಕಾಲು ಗಂಟೆ ಬಿಟ್ಟು ಕಟ್ಟಿಗೆ ಕುಡಿಯದೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಬೇಕು. ಒರೆಸದೆ ಬಿಟ್ಟದ್ದು ಅಂಟುಅಂಟಾಗಿ ಉಳಿಯುತ್ತದೆ. ತೆಳುವಾಗಿ ಮೂರು ಸಲ ಹಚ್ಚುವುದು ದಪ್ಪಗೆ ಒಂದು ಸಲ ಹಚ್ಚುವುದಕ್ಕಿಂತ ಒಳ್ಳೆಯದು.

ಒರೆಸಿದ ಬಟ್ಟೆಯ ಬಗ್ಗೆ ಇಲ್ಲಿಯೇ ಹೇಳಬೇಕು. ಅಗಸಿ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಕಾವು ಒಳಗೇ ಕೂಡಿ ತಾನಾಗಿಯೇ ಬೆಂಕಿ ಹತ್ತಬಹುದು; ಕಡ್ಡಿ ಗೀರುವುದೇ ಬೇಡ. ಕಟ್ಟಡದ ಕೆಲಸ ನಡೆದ ಮನೆಯಲ್ಲಿ ಥಿನ್ನರ್ ಡಬ್ಬಿ, ಕಟ್ಟಿಗೆಯ ಹೊಟ್ಟು ಪಕ್ಕದಲ್ಲೇ ಇರುತ್ತದೆ. ಬಟ್ಟೆಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಇಡಿ, ಇಲ್ಲವೆ ಹೊರಗೆ ತಂತಿಯ ಮೇಲೆ ಒಂಟಿ ಪದರವಾಗಿ ಹರವಿ ಒಣಗಿಸಿ.

ಎಣ್ಣೆಯ ದೋಷವೂ ಇದೆ. ಕಟ್ಟಿಗೆ ಬರಬರುತ್ತ ಕಪ್ಪಾಗುತ್ತದೆ. ಧಾರವಾಡದ ಮಳೆಗಾಲದಲ್ಲಿ ಹಸಿ ಅಗಸಿ ಎಣ್ಣೆ ಬೂಷ್ಟಿಗೆ ಆಹಾರವಾಗಿ ಕರಿ ಚುಕ್ಕೆ ಏಳುತ್ತವೆ. ಬಿಸಿಲನ್ನು ಬರಿ ಎಣ್ಣೆ ತಡೆಯುವುದಿಲ್ಲ. ಗದಗಿನ ಒಣ ಹವೆಯಲ್ಲಿ, ನೆರಳಿರುವ ಬಾಗಿಲಿಗೆ ಎಣ್ಣೆ ಬಹಳ ಚೆಂದ. ಧಾರವಾಡದಲ್ಲಿ ಹಚ್ಚುವುದಾದರೆ ಬೂಷ್ಟು ತಡೆಯುವ ಮದ್ದು ಸೇರಿದ, ಹೊರಗಿನ ಕಟ್ಟಿಗೆಗೆಂದೇ ತಯಾರಿಸಿದ ಎಣ್ಣೆಯನ್ನೇ ತನ್ನಿ. ಮತ್ತೆ ಹಚ್ಚುವ ಹೊತ್ತು ಯಾವಾಗ ಎಂದು ತಿಳಿಯಲು ಬಾಗಿಲಿನ ಕೆಳಭಾಗಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಮಣಿಯಾಗಿ ನಿಂತರೆ ಇನ್ನೂ ಅವಸರವಿಲ್ಲ. ಹರಡಿ ಕಟ್ಟಿಗೆ ಕಪ್ಪಾದರೆ ಹೊತ್ತು ಬಂದಿದೆ.

ಬಣ್ಣದ ಸ್ಟೇನ್, ಆಯಿಲ್ ಪೇಂಟ್

ಬಿಸಿಲನ್ನು ನಿಜವಾಗಿ ತಡೆಯುವುದು ಬಣ್ಣದ ಕಣ. ಹೊರಗಿನ ಕಟ್ಟಿಗೆಗೆ ಬರುವ ಅರೆಪಾರದರ್ಶಕ ಸ್ಟೇನ್‌ನಲ್ಲಿ ಐರನ್ ಆಕ್ಸೈಡ್, ಅಂದರೆ ಕೆಮ್ಮಣ್ಣು, ಕಾವಿಯ ಜಾತಿಯದೇ ಕಣ ಇರುತ್ತದೆ. ಎಳೆ ಮುಕ್ಕಾಲು ಕಾಣುತ್ತದೆ, ಕಿರಣ ಬಹುಪಾಲು ಮೇಲೆಯೇ ನಿಲ್ಲುತ್ತದೆ, ಸಿಪ್ಪೆ ಏಳುವುದಿಲ್ಲ. ಪಶ್ಚಿಮದ ಬಯಲು ಬಾಗಿಲಿಗೆ, ಕಟ್ಟಿಗೆಯ ಎಳೆ ಕಾಣಲೇಬೇಕು ಎನ್ನುವವರಿಗೆ, ನಾನು ಹೇಳುವುದು ಇದನ್ನೇ. ಬಿಸಿಲಿನ ಬಾಗಿಲಿಗೆ ತೀರ ಕಪ್ಪು ವಾಲ್‌ನಟ್ ಬಣ್ಣ ಆರಿಸಬೇಡಿ. ಕಪ್ಪು ಮೈ ಹೆಚ್ಚು ಕಾಯುತ್ತದೆ, ಹಲಗೆ ಬಾಗುವುದೂ ಸೀಳುವುದೂ ಹೆಚ್ಚು. ನಡುವಿನ ಕಂದು ಸಾಕು.

ಎಳೆ ಕಾಣದಿದ್ದರೂ ನಡೆಯುತ್ತದೆ ಎಂದಾದರೆ ವುಡ್ ಪ್ರೈಮರ್, ಮೇಲೆ ಎರಡು ಕೋಟ್ ಆಯಿಲ್ ಪೇಂಟ್. ಬಿಸಿಲು ಮಳೆಗೆ ಇದರಷ್ಟು ಬಾಳುವುದು ಬೇರೆ ಇಲ್ಲ, ಅಗ್ಗವೂ ಹೌದು. ಸಾಗವಾನಿಗೆ ಪೇಂಟ್ ಹೊಡೆಸಿದರೆ ಬೀಗರು ನಗುತ್ತಾರೆ, ಅದು ಬೇರೆ ಮಾತು. ಆದರೆ ಮತ್ತಿ, ಬೇವು, ಹಲಸಿನ ಬಾಗಿಲಿಗೆ, ಅಥವಾ ಅಂಚಿನಲ್ಲಿ ಬಿಳಿ ಪಟ್ಟೆ ಉಳಿದ ಎಳೆ ಸಾಗವಾನಿಗೆ ಪೇಂಟ್ ಮರ್ಯಾದೆಯ ಆಯ್ಕೆಯೇ. ಆ ಬಿಳಿ ಭಾಗದಲ್ಲಿ ಸಾಗವಾನಿಯ ಗಟ್ಟಿ ಗುಣ ಇರುವುದಿಲ್ಲ, ಹುಳ ಮೊದಲು ಹಿಡಿಯುವುದು ಅಲ್ಲೇ. ಹೊನ್ನೆಯ ಬಾಗಿಲಾದರೆ ಹಚ್ಚುವುದು ಯಾವುದಾದರೂ ಇರಲಿ, ಹಿಂಬದಿಯನ್ನೂ ಬಿಡದೆ ಹಚ್ಚಿ. ಒದ್ದೆಯಾದರೆ ಹೊನ್ನೆ ಹಳದಿ ಬಣ್ಣ ಬಿಡುತ್ತದೆ, ಸುಣ್ಣದ ಗೋಡೆಗೆ ಕಲೆ ಕೂರುತ್ತದೆ.

ಹೊಸ್ತಿಲಿನದೇ ಬೇರೆ ಲೆಕ್ಕ

ಬಾಗಿಲಿಗೆ ಏನು ಹಚ್ಚಿದ್ದೀರೋ ಅದನ್ನೇ ಹೊಸ್ತಿಲಿಗೂ ಎಳೆದುಬಿಡುವುದು ವಾಡಿಕೆ. ಆದರೆ ಹೊಸ್ತಿಲಿನ ಬದುಕು ಬೇರೆ. ದಿನಾ ನಸುಕಿನಲ್ಲಿ ನೀರು, ಅದರ ಮೇಲೆ ಅರಿಷಿಣ-ಕುಂಕುಮ, ರಂಗೋಲಿ, ಹೂವು. ಅದನ್ನು ಯಾರೂ ತುಳಿಯುವುದಿಲ್ಲ, ಸರಿ. ಆದರೆ ಗ್ಯಾಸ್ ಸಿಲಿಂಡರ್ ಉರುಳುವುದು, ಕಬ್ಬಿಣದ ಕಪಾಟು ಎಳೆಯುವುದು, ಸೈಕಲ್ ದಾಟುವುದು ಅದರ ಮೇಲೆಯೇ. ಪಾರದರ್ಶಕ ಪದರಕ್ಕೆ ಒಂದು ಗೀರು ಬಿದ್ದರೆ ಬೆಳಗಿನ ನೀರು ಒಳಗಿಳಿದು ಅಲ್ಲೇ ಉಳಿಯುತ್ತದೆ, ಮೇಲಿನ ಪದರ ಅದನ್ನು ಒಣಗಲೂ ಬಿಡುವುದಿಲ್ಲ. ಅರಿಷಿಣ ಗೀರಿನೊಳಗೆ ಸೇರಿ ಹಳದಿ ಗೆರೆಯಾಗುತ್ತದೆ, ಸಾಬೂನು ಹಾಕಿ ಉಜ್ಜಿದರೆ ಕ್ಷಾರಕ್ಕೆ ಕೆಂಪಾಗುತ್ತದೆ. ಬಿಸಿಲು ಬೀಳುವ ಹೊಸ್ತಿಲಾದರೆ ಆ ಬಣ್ಣ ತಾನಾಗಿ ಮಾಸುತ್ತದೆ, ನೆರಳಿನದಾದರೆ ಉಳಿದುಬಿಡುತ್ತದೆ.

ಹೊಸ್ತಿಲಿಗೆ ನನ್ನ ಮಟ್ಟಿಗೆ ಎರಡೇ ದಾರಿ. ಒಂದು, ಅಗಸಿ ಎಣ್ಣೆ, ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ. ಹೇಗೂ ಆಗ ಮನೆ ತೊಳೆಯುತ್ತೀರಿ. ತೊಳೆದು ಎರಡು ದಿನ ಒಣಗಲು ಬಿಟ್ಟು ಹಚ್ಚಿ. ಎರಡು, ಹಳೆಯ ಮನೆಗಳಲ್ಲಿ ಮಾಡುತ್ತಿದ್ದಂತೆ ಹಳದಿ ಆಯಿಲ್ ಪೇಂಟ್ ಬಳಿದು ಕೆಂಪು ಗೆರೆ ಎಳೆಯುವುದು. ಇದನ್ನು ಹಳೇ ಫ್ಯಾಷನ್ ಎಂದು ಇಂಟೀರಿಯರ್‌ನವರು ಮೂಗು ಮುರಿಯುತ್ತಾರೆ, ರಕ್ಷಣೆಯ ಲೆಕ್ಕದಲ್ಲಿ ಮಾತ್ರ ಅದೇ ಮೇಲು. ಹಿತ್ತಾಳೆಯ ತಗಡು ಹೊದಿಸುವವರು ಕಟ್ಟಿಗೆ ಪೂರ್ತಿ ಒಣಗಿದ ಮೇಲೆ, ಕೆಳಗೆ ಎಣ್ಣೆ ಕುಡಿಸಿ ಹೊದಿಸಿ. ತಗಡಿನ ಕೆಳಗೆ ಸೇರಿದ ನೀರು ಕಣ್ಣಿಗೆ ಬೀಳುವುದಿಲ್ಲ. ಯಾವ ದಾರಿಯಾದರೂ, ಚೌಕಟ್ಟು ಗೋಡೆಯಲ್ಲಿ ಕೂರಿಸುವ ಮುಂಚೆಯೇ ಹೊಸ್ತಿಲಿನ ಅಡಿಗೂ ಚೌಕಟ್ಟಿನ ಕಾಲಿಗೂ ಹಚ್ಚಿರಬೇಕು. ಕೂರಿಸಿದ ಮೇಲೆ ಆ ಜಾಗ ಮತ್ತೆ ಸಿಗುವುದಿಲ್ಲ. ನೆಲದಿಂದ ಬರುವ ಒರಲಿಗೆ ಮಾತ್ರ ಇವು ಮದ್ದಲ್ಲ, ಅದಕ್ಕೆ ನೆಲಕ್ಕೇ ಔಷಧ ಹೊಡೆಸಬೇಕು.

ಅಂಚು, ಮೊಳೆ, ಮುಹೂರ್ತ

ಕಟ್ಟಿಗೆ ನೀರು ಕುಡಿಯುವುದು ಮೈಯಿಂದ ಕಡಿಮೆ, ಎಳೆ ಕತ್ತರಿಸಿದ ತುದಿಯಿಂದ ಬಹಳ ಹೆಚ್ಚು. ಬಾಗಿಲಿನ ತಲೆ ಮತ್ತು ತಳದಲ್ಲಿ ಅಂಥ ತುದಿಗಳಿವೆ. ಬಡಿಗೇರರು ಬಾಗಿಲು ಕೂರಿಸಿ ಹೋದ ಮೇಲೆ ಪಾಲಿಶ್‌ದವರು ಬಂದರೆ ತಳಕ್ಕೆ ಬ್ರಷ್ ಹೋಗುವುದೇ ಇಲ್ಲ. ತಿರುಪು ಬಿಚ್ಚಿ ಬಾಗಿಲು ಇಳಿಸಿ ಆರೂ ಮೈಗೆ ಹಚ್ಚಿಸಿ. ಈ ಒಂದು ಕೆಲಸ ಡಬ್ಬಿಯ ಬ್ರ್ಯಾಂಡ್‌ಗಿಂತ ಹೆಚ್ಚು ವ್ಯತ್ಯಾಸ ಮಾಡುತ್ತದೆ.

ಎರೆಮಣ್ಣಿನ ಊರುಗಳಲ್ಲಿ, ನವಲಗುಂದ, ಅಣ್ಣಿಗೇರಿ, ಗದಗಿನ ಸುತ್ತ, ಇದಕ್ಕೆ ಇನ್ನೊಂದು ಬಾಲ ಇದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ಗೋಡೆ ಅಲುಗಿ ಚೌಕಟ್ಟಿನ ಮೂಲೆ ತಪ್ಪುತ್ತದೆ, ಬಾಗಿಲು ಬಿಗಿಯಾಗುತ್ತದೆ. ಬಡಿಗೇರರು ಬಂದು ಅಂಚಿಗೆ ಉಜ್ಜುಗೊರಡು ಹೊಡೆದು ಸಡಿಲ ಮಾಡಿ ಹೋಗುತ್ತಾರೆ. ಹೀಗೆ ಕೆತ್ತಿದ ಅಂಚು ಬತ್ತಲೆ. ಅದೇ ದಿನ ಅಲ್ಲಿಗೆ ಎಣ್ಣೆಯನ್ನೋ ವಾರ್ನಿಷನ್ನೋ ಹಚ್ಚದಿದ್ದರೆ ಮುಂದಿನ ಮಳೆಗೆ ಅಲ್ಲಿಂದಲೇ ನೀರು ಕುಡಿದು ಬಾಗಿಲು ಮತ್ತೆ ಉಬ್ಬುತ್ತದೆ, ಮತ್ತೆ ಬಡಿಗೇರರು.

ತೋರಣದ ಮೊಳೆ ಚಿಕ್ಕ ವಿಷಯ ಅನಿಸುತ್ತದೆ. ಪಾಲಿಶ್ ಆದ ಚೌಕಟ್ಟಿಗೆ ಕಬ್ಬಿಣದ ಮೊಳೆ ಹೊಡೆದರೆ ಪದರಕ್ಕೆ ತೂತು. ನೀರು, ಕಬ್ಬಿಣ, ಕಟ್ಟಿಗೆಯ ಒಗರು ಸೇರಿ ಸುತ್ತ ಕರಿ ಕಲೆ. ಪಾಲಿಶ್‌ಗೆ ಮುಂಚೆಯೇ ಎರಡು ಹಿತ್ತಾಳೆ ಕೊಕ್ಕೆ ಹಾಕಿಸಿಬಿಡಿ.

ಹೊತ್ತಿನ ಮಾತು. ನಮ್ಮ ಕಡೆ ಈ ಕೆಲಸಕ್ಕೆ ನವೆಂಬರದಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್-ಮೇ ತಿಂಗಳಲ್ಲಿ ಥಿನ್ನರ್ ತೀರ ಬೇಗ ಹಾರಿ ಬ್ರಷ್ ಎಳೆಯುತ್ತದೆ, ಗಾಳಿಯ ಧೂಳು ಹಸಿ ಪದರಕ್ಕೆ ಕೂರುತ್ತದೆ. ಮಳೆಗಾಲದ ತೇವಕ್ಕೆ ಲ್ಯಾಕರ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಪಿಯುವಿನಲ್ಲಿ ಗುಳ್ಳೆ ಏಳುತ್ತವೆ. ಮುಹೂರ್ತ ವೈಶಾಖದಲ್ಲೇ ಬಂದರೆ ಬೆಳಗಿನ ತಂಪಿನಲ್ಲಿ ಹಚ್ಚಿಸಿ, ಪೂಜೆಗೆ ವಾರದ ಮುಂಚೆ ಮುಗಿಯುವಂತೆ ನೋಡಿ. ಮುಟ್ಟಿದರೆ ಒಣಗಿದಂತೆ ಕಂಡರೂ ಪದರ ಒಳಗೆ ಗಟ್ಟಿಯಾಗಲು ವಾರ ಹಿಡಿಯುತ್ತದೆ. ಅಷ್ಟರೊಳಗೆ ಅರಿಷಿಣ, ಎಣ್ಣೆ, ಹೋಮದ ಹೊಗೆ ತಾಗಿದರೆ ಗುರುತು ಉಳಿಯುತ್ತದೆ. ಅಷ್ಟು ದಿನ ಕೈಯಲ್ಲಿ ಇಲ್ಲವೆಂದರೆ ಆ ದಿನಕ್ಕೆ ಒಂದು ತೆಳು ಕೋಟ್ ಅಗಸಿ ಎಣ್ಣೆ ಸಾಕು, ಉಳಿದದ್ದು ದೀಪಾವಳಿ ಕಳೆದ ಮೇಲೆ. ಮೇಲೆ ಪಿಯು ಮಾಡಿಸುವ ವಿಚಾರವಿದ್ದರೆ ಮಾತ್ರ ಎಣ್ಣೆ ಬೇಡ, ಹಿಡಿಯುವುದಿಲ್ಲ. ಬರಿ ಕಟ್ಟಿಗೆಯಲ್ಲೇ ಪೂಜೆ ಆಗಲಿ.

ಖರ್ಚಿನ ಅಂದಾಜು ಹೀಗೆ ಹಾಕಿ. 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ ಬಾಗಿಲು ಎರಡೂ ಮೈ ಸೇರಿ 49 ಚದರಡಿ. ಚೌಕಟ್ಟು, ಅಂಚು ಸೇರಿಸಿ 70 ಎನ್ನಿ. ಮೂರು ಕೋಟಿಗೆ 210 ಚದರಡಿ. ಲೀಟರಿಗೆ ನೂರು ಚದರಡಿಯಂತೆ ಹಿಡಿದರೆ ಎರಡು ಲೀಟರ್ ಚಿಲ್ಲರೆ. ಸಾಮಾನಿನ ಖರ್ಚು ಇಷ್ಟೇ, ಉಳಿದದ್ದೆಲ್ಲ ತಿಕ್ಕುವ ಕೂಲಿ. ಹಾಗಾಗಿ ಡಬ್ಬಿಯಲ್ಲಿ ಉಳಿತಾಯ ಮಾಡಬೇಡಿ. ಕೂಲಿಯಲ್ಲಿ ಚೌಕಾಸಿ ಮಾಡಿದರೆ ತಿಕ್ಕುವುದೇ ಕಡಿಮೆಯಾಗುತ್ತದೆ.

ಹಳೆಯ ಬಾಗಿಲಾದರೆ

ಧಾರವಾಡದ ಹಳೆಯ ಮನೆಗಳ ಕೆತ್ತನೆಯ ಬಾಗಿಲುಗಳಿಗೆ ಈಗ ಬೇಡಿಕೆ. ಅಂಥದಕ್ಕೆ ಮೊದಲು ಏನು ಹಚ್ಚಿದ್ದಾರೆ ಎಂದು ತಿಳಿಯಬೇಕು. ಕೀಲಿನ ಕಡೆಯ ಅಂಚಿನಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ಉಜ್ಜಿ. ಮೆತ್ತಗಾಗಿ ಅಂಟಾದರೆ ಅರಗಿನ ಪಾಲಿಶ್. ಸ್ಪಿರಿಟ್ಟಿಗೆ ಜಗ್ಗದೆ ಎನ್‌ಸಿ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಕರಗದೆ ಸುಕ್ಕಾದರೆ ವಾರ್ನಿಷ್. ಎರಡಕ್ಕೂ ಏನೂ ಆಗದಿದ್ದರೆ ಪಿಯು ಅಥವಾ ಮೆಲಮಿನ್. ಅರಗು, ಲ್ಯಾಕರ್ ಇದ್ದರೆ ಆಯಾ ದ್ರಾವಕದಿಂದಲೇ ಒರೆಸಿ ತೆಗೆಯಬಹುದು, ಕೆತ್ತನೆಗೆ ಗಾಯವಾಗುವುದಿಲ್ಲ.

ಹಳೆಯ ಆಯಿಲ್ ಪೇಂಟ್ ಇದ್ದರೆ ಎಚ್ಚರ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ಕೇಂದ್ರ ಸರಕಾರದ ನಿಯಮ 2016ರಲ್ಲಿ ಹೊರಟು, ಜಾರಿಗೆ ಬಂದದ್ದು 2017ರ ನವೆಂಬರದಿಂದ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇದೆ ಎಂದೇ ತಿಳಿದು ನಡೆಯಿರಿ. ಒಣಗಿದ್ದನ್ನು ಮಷೀನ್ ಹಚ್ಚಿ ತಿಕ್ಕಿಸಬೇಡಿ, ದೀಪ ಹಿಡಿದು ಸುಡಿಸಬೇಡಿ. ಆ ಧೂಳು, ಹೊಗೆ ಮಕ್ಕಳಿಗೆ ವಿಷ. ಬಾಗಿಲನ್ನು ಮನೆಯಿಂದ ಹೊರಗೆ ತಂದು, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಕೈಗವಸು ಹಾಕಿಕೊಂಡು ಪೇಂಟ್ ರಿಮೂವರ್ ಹಚ್ಚಿ ಕೆರೆಯಬೇಕು. ಉಳಿದದ್ದನ್ನು ನೀರು ಹಚ್ಚಿ ವಾಟರ್ ಪೇಪರ್‌ನಿಂದ ತಿಕ್ಕಬೇಕು. ಕೆತ್ತನೆಯ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಕಬ್ಬಿಣದ ತಂತಿ ಬ್ರಷ್ ಮುಟ್ಟಿಸಬೇಡಿ. ಅದರ ಚೂರು ಎಳೆಯೊಳಗೆ ಉಳಿದು ಮುಂದಿನ ಮಳೆಗಾಲಕ್ಕೆ ಕರಿ ಚುಕ್ಕೆಗಳು ಏಳುತ್ತವೆ.